ಹಲ್ಲು ಎಣಿಸುವುದು ಹೇಗೆ? ಕೋರೆಯಿಂದ ಶುರು ಮಾಡಿ

ನನ್ನ ಭಾವಮೈದುನ ಬಾಗೇಪಲ್ಲಿಯಿಂದ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಬಂದು, ದಂತವೈದ್ಯರ ಮುಂದೆ ಬಾಯಿ ತೆರೆದು, 'ಹಿಂದಿನ ದವಡೆ ಹಲ್ಲು ಸಾರ್' ಎಂದ. ಮೇಲಿನದೋ ಕೆಳಗಿನದೋ ಎಂದರೆ ಕೆನ್ನೆ ಪೂರ್ತಿ ಸವರಿ ತೋರಿಸಿದ. ಅವನನ್ನೂ ಬೈಯುವಂತಿಲ್ಲ. ಹಲ್ಲಿನ ತಿರುಳಿನ ನೋವು ಆ ಬದಿಯಲ್ಲೆಲ್ಲ ಮೇಲಕ್ಕೂ ಕೆಳಕ್ಕೂ ಹರಡಿ ಮೋಸ ಮಾಡುತ್ತದೆ. ಹಾಗಾಗಿ ನೋವಿಲ್ಲದ ದಿನವೇ ನಿಮ್ಮ ಹಲ್ಲುಗಳ ಲೆಕ್ಕ ಬರೆದಿಟ್ಟುಕೊಳ್ಳಿ.

ಹಂತ 1: ಕೈ ತೊಳೆಯಿರಿ. ಕನ್ನಡಿ, ಮೊಬೈಲ್ ಟಾರ್ಚ್, ಕೆನ್ನೆ ಸರಿಸಲು ಸ್ಟೀಲ್ ಚಮಚ, ಒಂದು ಚೂರು ಹತ್ತಿಬಟ್ಟೆ, ಇಷ್ಟು ಸಾಕು. ಬಟ್ಟೆಯಿಂದ ಹಲ್ಲಿನ ಎಂಜಲು ಒರೆಸಿ. ಒದ್ದೆ ಹಲ್ಲು ಹೊಳೆದು ಕಲೆಯನ್ನು ಮುಚ್ಚಿಬಿಡುತ್ತದೆ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ಜನ ಹಿಂದಿನಿಂದ ಎಣಿಸಲು ಹೋಗುತ್ತಾರೆ. ಕೊನೆಯ ಬುದ್ಧಿಹಲ್ಲು ಕೆಲವರಿಗೆ ಹುಟ್ಟಿರುತ್ತದೆ, ಕೆಲವರಿಗೆ ಇಲ್ಲ, ಲೆಕ್ಕವೆಲ್ಲ ಅಡಿಮೇಲು. ಮೊದಲು ಕೋರೆಹಲ್ಲು ಹುಡುಕಿ, ಅದಕ್ಕೆ 3 ಅನ್ನಿ. ಮೊನೆ ಸವೆದ ಹಿರಿಯರಲ್ಲಿ ಗುರುತು ಸಿಗದಿದ್ದರೆ ಮೇಲಿನ ವಸಡಿನ ಹೊರಬದಿಗೆ ಬೆರಳು ಸವರಿ. ಉದ್ದಕ್ಕೆ ಒಂದು ಉಬ್ಬು ತಾಗುತ್ತದೆ. ಅದು ಕೋರೆಯ ಬೇರು. ಬಾಯಲ್ಲಿ ಅಷ್ಟು ಉದ್ದದ ಬೇರು ಬೇರೆ ಹಲ್ಲಿಗಿಲ್ಲ. ಅಲ್ಲಿಂದ ಮುಂದಕ್ಕೆ ಬಂದರೆ 2, 1 ಬಾಚಿಹಲ್ಲು. ಹಿಂದಕ್ಕೆ ಹೋದರೆ 4, 5 ಮುಂದವಡೆ. 6, 7, 8 ದವಡೆ. ಒಂದು ಕಾಲುಭಾಗಕ್ಕೆ ಎಂಟು, ಒಟ್ಟು 32.

ಹಲ್ಲು ಕಿತ್ತ ಜಾಗವಿದ್ದರೆ ಆ ಸಂಖ್ಯೆಯನ್ನು ಪಕ್ಕದ ಹಲ್ಲಿಗೆ ಕೊಡಬೇಡಿ, ಖಾಲಿ ಬಿಡಿ. ಪಕ್ಕದ ಹಲ್ಲು ವಾಲಿ ಜಾಗ ತುಂಬಿಕೊಂಡಿದ್ದರೆ ಆಕಾರ ನೋಡಿ: ಮುಂದವಡೆಗೆ ಸಾಮಾನ್ಯವಾಗಿ ಎರಡು ದಿಬ್ಬ, ಮೇಲಿನ ಆರನೆಯದಕ್ಕೆ ನಾಲ್ಕು, ಕೆಳಗಿನ ಆರನೆಯದಕ್ಕೆ ಹೆಚ್ಚಾಗಿ ಐದು. ಕ್ಲಿಪ್ ಹಾಕಿಸಿಕೊಂಡವರಲ್ಲಿ ಎಷ್ಟೋ ಸಲ 4 ಅನ್ನು ಕಿತ್ತಿರುತ್ತಾರೆ, ಹುಷಾರು.

ಈ ಆರನೆಯ ಹಲ್ಲಿನ ಬಗ್ಗೆ ಅಮ್ಮಂದಿರು ಕೇಳಿ. ಅದು ಆರು ವರ್ಷದ ಸುಮಾರಿಗೆ ಯಾವ ಹಾಲುಹಲ್ಲನ್ನೂ ಬೀಳಿಸದೆ, ಅವುಗಳ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. 'ಹಾಲುಹಲ್ಲಲ್ವಾ, ಬಿದ್ದೋಗುತ್ತೆ ಬಿಡಿ' ಅಂತ ಹುಳುಕು ಬಿಟ್ಟರೆ ಹೋಗುವುದು ಶಾಶ್ವತ ಹಲ್ಲು.

ಹಂತ 3: ಕೆಲಸ ನೋಡಿ ಹೆಸರು ಗಟ್ಟಿ ಮಾಡಿಕೊಳ್ಳಿ. ಒಂದು ಸೀಬೆಹಣ್ಣು ಕಚ್ಚಿ: ಕತ್ತರಿಸಿದ್ದು ಬಾಚಿಹಲ್ಲು. ಸಂಕ್ರಾಂತಿ ಕಬ್ಬಿನ ಸಿಪ್ಪೆ ಸೀಳುವುದು ಕೋರೆ. ಹುರಿದ ಕಡ್ಲೆಬೀಜ ಜಜ್ಜುವುದು ಮುಂದವಡೆ, ನುಣ್ಣಗೆ ಅರೆಯುವುದು ದವಡೆ. ಮುದ್ದೆಯಿಂದ ಈ ಪರೀಕ್ಷೆ ಆಗದು. ನಮ್ಮ ಕಡೆ ಮುದ್ದೆ ನುಂಗೋದು, ಅಗಿಯೋದಲ್ಲ.

ಹಂತ 4: ಈಗ ಬಣ್ಣ. ಹೊರಗೆ ಕಾಣುವುದು ಎನಾಮಲ್, ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತುವಿಲ್ಲ. ಅದರಡಿ ಹಳದಿ ಬಣ್ಣದ ಡೆಂಟಿನ್, ನಡುವೆ ನರ, ರಕ್ತನಾಳಗಳಿರುವ ತಿರುಳು. ವಸಡಿನೊಳಗಿನ ಬೇರಿಗೆ ಮಾತ್ರ ಎನಾಮಲ್ ಬದಲು ಸಿಮೆಂಟಮ್ ಎಂಬ ತೆಳು ಹೊದಿಕೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವಷ್ಟರಲ್ಲೇ ಮುಗಿದುಹೋಗಿರುತ್ತವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಎರಡೂ ಬದಿಯ ಜೋಡಿ ಹಲ್ಲುಗಳಲ್ಲಿ ಒಂದೇ ಥರದ ಬಿಳಿ ಗೆರೆ ಅಥವಾ ಕಂದು ಮಚ್ಚೆ ಕಂಡರೆ ಅದು ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬಂದ ಕಲೆ ಇರಬಹುದು. ಬಾಗೇಪಲ್ಲಿ, ಪಾವಗಡ ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದವರಿಗೆ ಇದು ಹೊಸದಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಫ್ಲೋರೈಡ್ ಎನಾಮಲ್ ಅನ್ನು ಕೆಡಿಸಿರುತ್ತದೆ. ಕಲೆ ಹೊರಗೆ ಮೆತ್ತಿದ್ದಲ್ಲ, ಉಜ್ಜಿದರೆ ಹೋಗುವುದಿಲ್ಲ. ಆದರೂ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕುವವರನ್ನು ದಿನಾ ನೋಡುತ್ತೇನೆ. ಸಂತೆಯಲ್ಲಿ ಮಾರುವ 'ಒಂದೇ ವಾರದಲ್ಲಿ ಬಿಳುಪು' ಪುಡಿಯನ್ನಂತೂ ಮುಟ್ಟಲೇಬೇಡಿ. ಕಲೆ ಹಾಗೇ ಉಳಿದು ಎನಾಮಲ್ ಸವೆಯುತ್ತದೆ, ಅಡಿಯ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ. ನೀರು ಕುದಿಸಿದರೂ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳಿಗೆ ಕುಡಿಸಬೇಡಿ. ಆರ್‌ಒ ಘಟಕದ ಕ್ಯಾನಿಗೆ ಕೊಡುವ ದುಡ್ಡು ದಂಡವಲ್ಲ.

ಹಂತ 5: ಹಾಳೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಎರಡು ಗೆರೆ ಎಳೆದು ನಾಲ್ಕು ಮನೆ ಮಾಡಿ. ನಿಮ್ಮ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಮನೆಯ ಸಂಖ್ಯೆ ಮೊದಲು, ಹಲ್ಲಿನ ಸಂಖ್ಯೆ ಆಮೇಲೆ: ಕೆಳಗಿನ ಬಲ ಆರನೆಯದು 46. ದಂತವೈದ್ಯರೂ ಬರೆಯುವುದು ಹೀಗೇ. ಬೇರೆಯವರಿಂದ ಫೋಟೊ ತೆಗೆಸಿ ನೋಡಿದರೆ ಎಡಬಲ ಅದಲುಬದಲಾಗುತ್ತದೆ, ಕನ್ನಡಿಯೇ ವಾಸಿ.

ಬುದ್ಧಿಹಲ್ಲು ಕಾಣದಿದ್ದರೆ 8ರ ಮುಂದೆ 'ಇಲ್ಲ' ಎನ್ನಬೇಡಿ, 'ಕಂಡಿಲ್ಲ' ಎಂದು ಬರೆಯಿರಿ. ಒಳಗೇ ಅಡ್ಡ ಮಲಗಿದೆಯೋ ಏನೋ, ಅದನ್ನು ಹೇಳಬೇಕಾದದ್ದು ಎಕ್ಸ್‌ರೇ.