ಮೋರ್ಯರ ಗುಡ್ಡದ ಚಿತ್ರವನ್ನು ಉಣ್ಣೆಯಲ್ಲಿ ನೇಯ್ದ ಬಗೆ

ಕೊಪ್ಪಳದ ಭಾಗ್ಯನಗರದಲ್ಲಿ ಸೀರೆ ನೇಯುತ್ತ ಬೆಳೆದ ನನ್ನ ಕೈಗೆ, ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡಿದರೆ ಮಾತ್ರ ನೇಯ್ಗೆ ಎಂಬ ರೂಢಿ ಹತ್ತಿಬಿಟ್ಟಿತ್ತು. ಗಂಗಾವತಿಯ ಕಲಾವಿದ ಮಿತ್ರರೊಬ್ಬರು ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಮೇಲೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಪ್ರಾಗೈತಿಹಾಸಿಕ ಶಿಲಾಕೋಣೆಗಳನ್ನು ಅಕ್ರಿಲಿಕ್ಕಿನಲ್ಲಿ ಬರೆದು, ಅದನ್ನು 9 ಅಡಿ ಅಗಲ, 6 ಅಡಿ ಎತ್ತರದ ಟೇಪೆಸ್ಟ್ರಿಯಾಗಿ, ಅಂದರೆ ಗೋಡೆಗೆ ತೂಗುಹಾಕುವ ನೇಯ್ಗೆಯ ಚಿತ್ರವಾಗಿ, ನೇಯ್ದುಕೊಡಲು ಕೇಳಿದಾಗ ಮೊದಲು ಬಿಡಬೇಕಾದದ್ದು ಆ ರೂಢಿಯನ್ನೇ. ಇಲ್ಲಿ ಹೊಕ್ಕಿನ, ಅಂದರೆ ಅಡ್ಡ ಎಳೆಯ, ಪ್ರತಿ ಬಣ್ಣವೂ ತನ್ನ ಪಾಲಿನ ಜಾಗದಲ್ಲಷ್ಟೇ ಹೋಗಿಬರುತ್ತದೆ, ಮಗ್ಗಕ್ಕೆ ಬಿಗಿದ ಉದ್ದ ಎಳೆಗಳ ಹಾಸು ಪೂರ್ತಿ ಮುಚ್ಚಿಹೋಗುತ್ತದೆ.

ನೆಟ್ಟಗೆ ನಿಂತ ಚಪ್ಪಡಿಗಳೇ ಹೆಚ್ಚಾಗಿದ್ದುದರಿಂದ ಚಿತ್ರವನ್ನು ಅಡ್ಡ ಮಲಗಿಸಿ ನೇಯ್ದೆ. ಆಗ ಅವುಗಳ ಅಂಚು ಹೊಕ್ಕಿನ ಗೆರೆಯಾಗಿ ಸರಾಗ ಬರುತ್ತದೆ. ಚಿತ್ರದ 6 ಅಡಿ ಎತ್ತರವೇ ಮಗ್ಗದ ಮೇಲೆ ಅಗಲವಾದ್ದರಿಂದ, ಇಂಚಿಗೆ 8ರಂತೆ 576 ಹತ್ತಿಯ ಎಳೆಗಳ ಹಾಸು ಹಾಕಿ, ಪೂರ್ಣ ಅಳತೆಯ ನಕ್ಷೆಯನ್ನು ಅದರ ಹಿಂದೆ ಕಟ್ಟಿದೆ.

ಅತಿ ಹೆಚ್ಚು ದಿನ ಹಿಡಿದದ್ದು ಕುಂಚದಲ್ಲಿ ಒಂದೇ ಬೀಸಿಗೆ ಬಂದಿದ್ದ ಬೂದುಬಣ್ಣದ ತೆಳು ಲೇಪ. ನೂಲಿಗೆ ನೀರಿನಂತೆ ತೆಳುವಾಗಲು ಬಾರದು. ಬಣ್ಣ ಸೋರಿದ ಗುರುತುಗಳನ್ನೆಲ್ಲ ಯಥಾವತ್ತು ನೇಯಲು ಹೋಗಿ ಮಾದರಿ ತುಂಡೊಂದನ್ನು ಕೆಡಿಸಿದ ಮೇಲೆ, ಅವನ್ನು ಕೈಬಿಟ್ಟು ಬೆಳಕಿನ ಇಳಿಕೆಯನ್ನಷ್ಟೇ ಉಳಿಸಿಕೊಳ್ಳಲು ನಿರ್ಧರಿಸಿದೆ. ಹೊಕ್ಕಿನ ನೂಲು ಸುತ್ತುವ ಒಂದೊಂದು ಕಂಡಿಕೆಗೂ ಮೂರು ಸಣ್ಣ ಎಳೆಗಳನ್ನು ಕೂಡಿಸಿ ಸುತ್ತಿದೆ: ಮೂರೂ ತಿಳಿ, ಎರಡು ತಿಳಿ ಒಂದು ಕಪ್ಪು, ಒಂದು ತಿಳಿ ಎರಡು ಕಪ್ಪು, ಮೂರೂ ಕಪ್ಪು. ಎರಡು ಛಾಯೆಗಳು ಸೇರುವಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದನ್ನು ಹೊಗಿಸಿದಾಗ, ಹತ್ತು ಹೆಜ್ಜೆ ಹಿಂದೆ ನಿಂತವರ ಕಣ್ಣಿಗೆ ಲೇಪ ಕಾಣಿಸಿತು. ಕಪ್ಪಿಗೆ ಬಳಸಿದ್ದು ಕಂಬಳಿ ನೇಯುವವರಿಂದ ತಂದ ನಮ್ಮ ಕಡೆಯ ಕರಿ ಕುರಿಯ ಉಣ್ಣೆ. ಬಿಸಿಲಿಗೆ ಹಿಡಿದರೆ ಅದರ ತುದಿಗಳಲ್ಲಿ ಕಂದು ಮಿನುಗುತ್ತದೆ, ಬಂಡೆಗೆ ಅದಕ್ಕಿಂತ ಒಪ್ಪುವ ಕಪ್ಪು ನನಗೆ ಸಿಗಲಿಲ್ಲ.

ಕೋಣೆಯ ಗೋಡೆಯಲ್ಲಿನ ದುಂಡು ಕಿಂಡಿಯನ್ನು ಮೂರು ಬಾರಿ ಬಿಚ್ಚಿ ನೇಯ್ದೆ. ಇಂಚಿಗೆ 8 ಎಳೆಯಿದ್ದರೆ ವೃತ್ತದ ಅಂಚು ಮೆಟ್ಟಿಲಾಗುತ್ತದೆ. ಯಾವ ಮೆಟ್ಟಿಲು ಎಷ್ಟು ಸಾಲು ನಿಲ್ಲಬೇಕೆಂಬುದನ್ನು ನಕ್ಷೆಗಿಂತ ಕಣ್ಣೇ ಹೇಳಬೇಕು.

ನನ್ನಿಂದಾದ ದೊಡ್ಡ ತಪ್ಪು ಮೇಲ್ಚಪ್ಪಡಿಯ ಉದ್ದ ಅಂಚಿನದು. ಅದು ಹಾಸಿನ ಗುಂಟ ಬಂದುದರಿಂದ, ಎರಡೂ ಬಣ್ಣಗಳ ಹೊಕ್ಕು ಆ ಅಂಚಿನಿಂದಲೇ ಹಿಂದಿರುಗಿ, ಅವುಗಳ ನಡುವೆ ಸೀಳು ಉಳಿದಿತ್ತು. ಮಗ್ಗದ ಮೇಲೆ ಬಿಗಿಯಾಗಿಯೇ ಕಂಡ ಅದು, ತಿರುಗಿಸಿ ಗೋಡೆಗೆ ತೂಗಿಹಾಕಿದಾಗ ಉಣ್ಣೆಯ ಭಾರಕ್ಕೆ ಬಾಯಿ ಬಿಟ್ಟಿತು. ಇಳಿಸಿ, ನೆಲಕ್ಕೆ ಹಾಸಿ, ಬೆನ್ನಿನ ಕಡೆಯಿಂದ ಹತ್ತಿಯ ದಾರದಲ್ಲಿ ಹೊಲಿದು ಮುಗಿಸಲು ಎರಡು ದಿನ ಬೇಕಾಯಿತು. ಈಗ ಅಂಥ ಸೀಳುಗಳನ್ನು ಹಾಸು ಬಿಗಿಯಾಗಿರುವಾಗಲೇ, ಪ್ರತಿ ಗೇಣು ನೇಯ್ದ ಮೇಲೆ ಹೊಲಿದುಕೊಂಡು ಮುಂದೆ ಹೋಗುತ್ತೇನೆ.