ಪೊಲೀಸ್ ಅಣಕು ಪ್ರಹಸನವನ್ನು ನಗು ಕೆಡದಂತೆ ಕಟ್ಟುವ ಬಗೆ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವಕ್ಕೆ ಹತ್ತು ಹದಿನೈದು ನಿಮಿಷಗಳ ಪ್ರಹಸನ ಬೇಕೆಂದಾಗ ಪೊಲೀಸ್ ಠಾಣೆಯ ಪ್ರಸಂಗವನ್ನು ಆರಿಸಿಕೊಳ್ಳುವವರುಂಟು. ಆದರೆ ಇನ್‌ಸ್ಪೆಕ್ಟರ್ ಪಾತ್ರಧಾರಿ ತಾನು ನಗಿಸಬೇಕೆಂದು ಹೊರಟ ಕೂಡಲೇ ನಗು ಸೊರಗುತ್ತದೆ. ತಾನು ನಗೆಪಾಟಲಾಗುತ್ತಿರುವುದು ಈ ಪೊಲೀಸನಿಗೆ ಕೊನೆಯವರೆಗೂ ತಿಳಿಯಬಾರದು. ಮೊದಲು ಇದನ್ನು ತಂಡದ ಎಲ್ಲರಿಗೂ ಮನದಟ್ಟು ಮಾಡಿಸಬೇಕು.

ಆದ್ದರಿಂದ ಇನ್‌ಸ್ಪೆಕ್ಟರ್ ಪಾತ್ರವನ್ನು ತಂಡದ ವಿನೋದಗಾರನಿಗೆ ಕೊಡದೆ, ದಶರಥನ ಪಾತ್ರಕ್ಕೆ ಒಪ್ಪುವಂಥವರಿಗೆ ಕೊಡಿ. ಅಮೆರಿಕದಲ್ಲಿ 1982ರಲ್ಲಿ ಆರೇ ಕಂತುಗಳಿಗೆ ನಿಂತುಹೋದ ‘ಪೊಲೀಸ್ ಸ್ಕ್ವಾಡ್’ ಧಾರಾವಾಹಿಯ ಪತ್ತೇದಾರನೇ 1988ರಲ್ಲಿ ‘ದಿ ನೇಕೆಡ್ ಗನ್’ ಚಿತ್ರದ ಮೂಲಕ ಚಿತ್ರಮಂದಿರಗಳನ್ನು ಗೆದ್ದನು. ಆ ಪಾತ್ರವನ್ನು ಮಾಡಿದ ಲೆಸ್ಲಿ ನೀಲ್ಸನ್ ಅದಕ್ಕೆ ಮುನ್ನ ದಶಕಗಳ ಕಾಲ ಗಂಭೀರ ಪಾತ್ರಗಳಿಗೆ ಹೆಸರಾಗಿದ್ದವರು. ಆ ಗಾಂಭೀರ್ಯವನ್ನು ಅವರು ಎಳ್ಳಷ್ಟೂ ಸಡಿಲಿಸದೆ ಉಳಿಸಿಕೊಂಡದ್ದರಿಂದಲೇ ಪ್ರತಿಯೊಂದು ಎಡವಟ್ಟೂ ಕಳೆಕಟ್ಟಿತು. ಯಕ್ಷಗಾನದಲ್ಲಿಯೂ ರಾಜವೇಷ ಬಿಗಿಯಾಗಿದ್ದಷ್ಟು ಪಕ್ಕದ ಹಾಸ್ಯಗಾರನ ಮಾತು ಮೇಲೇಳುತ್ತದೆಯಲ್ಲವೆ? ಇಲ್ಲಿ ಆ ಎರಡು ಕೆಲಸಗಳನ್ನೂ ಒಂದೇ ದೇಹ ಹೊರಬೇಕಾಗುತ್ತದೆ.

ಅಣಕಕ್ಕೆ ಮೂಲವೊಂದು ಬೇಕು, ಆ ಮೂಲ ಪ್ರೇಕ್ಷಕರಿಗೆ ಬಾಯಿಪಾಠವಾಗಿರಬೇಕು. ಕಪ್ಪು ಕನ್ನಡಕ ತೆಗೆದು ಹಾಕುವುದು, ಮೇಜಿಗೆ ಕಡತ ಅಪ್ಪಳಿಸುವುದು, ಬೆನ್ನು ತಿರುಗಿಸಿ ನಿಂತು ಸವಾಲೆಸೆಯುವುದು ಮುಂತಾದ ಸಿನಿಮಾ ಪೊಲೀಸನ ಚರ್ಯೆಗಳಲ್ಲಿ ಮೂರನ್ನಷ್ಟೇ ಆರಿಸಿ, ಮೊದಲು ಅವನ್ನು ಚಾಚೂ ತಪ್ಪದೆ ಅಭ್ಯಾಸ ಮಾಡಿಸಿ.

ಇನ್ನು ಪೆಟ್ಟಿನ ಹಾಸ್ಯವನ್ನು ಹೆಣೆಯುವ ಬಗೆ. ಇನ್‌ಸ್ಪೆಕ್ಟರ್ ಕಂಕುಳಲ್ಲಿ ಲಾಠಿ ಸಿಕ್ಕಿಸಿಕೊಂಡು ಕಳ್ಳತನದ ದೂರು ಬರೆದುಕೊಳ್ಳುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಪಕ್ಕಕ್ಕೆ ತಿರುಗಿದಾಗ ಲಾಠಿಯ ತುದಿ ತಗಲಿ ಹಿಂದೆ ನಿಂತ ಹವಾಲ್ದಾರನ ಟೋಪಿ ಬೀಳುತ್ತದೆ. ಹವಾಲ್ದಾರ ಅದನ್ನೆತ್ತಿಕೊಂಡು ಸಲ್ಯೂಟ್ ಹೊಡೆಯುತ್ತಾನೆ. ಎರಡನೆಯ ಸಲವೂ ಹಾಗೆಯೇ ಆಗುತ್ತದೆ. ಮೂರನೆಯ ಸಲ ಹವಾಲ್ದಾರ ಮುಂಚೆಯೇ ಬಗ್ಗುತ್ತಾನೆ, ಲಾಠಿ ಅವನ ತಲೆಯ ಮೇಲಿಂದ ಹಾದು ಮೇಜಿನ ಮೇಲಿನ ಕಟಿಂಗ್ ಚಹಾವನ್ನು ದೂರಿನ ಕಾಗದದ ಮೇಲೆ ಮಗುಚುತ್ತದೆ, ಇನ್‌ಸ್ಪೆಕ್ಟರ್ ಆ ಕಾಗದವನ್ನು ಬಟ್ಟೆಯಂತೆ ಹಿಂಡಿ ಹರವಿಟ್ಟು “ಹ್ಞಾಂ, ಮುಂದೆ ಹೇಳಿ” ಎನ್ನುತ್ತಾನೆ. ಮೊದಲೆರಡು ಸಲ ಪ್ರೇಕ್ಷಕನ ಕಣ್ಣಿಗೆ ರೂಢಿಯಾದದ್ದು ಮೂರನೆಯ ಸಲ ಬೇರೆ ದಾರಿ ಹಿಡಿಯುವುದರಿಂದ ನಗು ಉಕ್ಕುತ್ತದೆ; ನಾಲ್ಕನೆಯ ಸಲ ಮಾಡಿದರೆ ಅದು ಬಳಸಿ ಬಿಸುಟದ್ದಾಗುತ್ತದೆ.

ಇಂಗ್ಲಿಷಿನ ‘ಸ್ಲ್ಯಾಪ್‌ಸ್ಟಿಕ್’ ಎಂಬ ಹೆಸರೇ ಇಟಲಿಯ ಹಳೆಯ ಹಾಸ್ಯರಂಗಭೂಮಿಯ ಜೋಡಿ ಪಟ್ಟಿಯ ಕೋಲಿನಿಂದ ಬಂದದ್ದು. ಮೆಲ್ಲನೆ ತಾಗಿದರೂ ಪಟ್ಟಿಗಳೆರಡೂ ಬಡಿದುಕೊಂಡು ದೊಡ್ಡ ಸದ್ದು ಮಾಡುತ್ತಿದ್ದವು. ಸದ್ದು ದೊಡ್ಡದು, ನೋವು ಇಲ್ಲ ಎಂಬ ಆ ಒಪ್ಪಂದವನ್ನು ನೀವೂ ಪಾಲಿಸಬೇಕು. ಲಾಠಿಗೆ ಹಗುರವಾದ ಫೋಮಿನ ಕೋಲನ್ನು ಬಳಸಿ, ಹವಾಲ್ದಾರ ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಪೆಟ್ಟಿನ ಸದ್ದನ್ನು ರಂಗದ ಪಕ್ಕದಲ್ಲಿರುವ ಚೆಂಡೆಯವರಿಗೆ ಬಿಡಿ. ಮುಂಬಯಿಯ ನಮ್ಮ ಸಂಘಗಳಿಗೆ ಚೆಂಡೆಯವರು ಸುಲಭವಾಗಿ ಸಿಗುತ್ತಾರೆ, ಮತ್ತು ಚೆಂಡೆಯ ಒಂದು ಉರುಳಿಕೆಗೆ ಸರಿಸಾಟಿಯಾದ ಧ್ವನಿಮುದ್ರಿಕೆ ಇಲ್ಲವೆಂದೇ ನನ್ನ ನಂಬಿಕೆ.

1912ರಿಂದ ಕೀಸ್ಟೋನ್ ಕಂಪನಿಯ ಮೂಕಿ ಚಿತ್ರಗಳಲ್ಲಿ ಪೊಲೀಸರ ಹಿಂಡಿಗೆ ಹಿಂಡೇ ಬೆನ್ನಟ್ಟಿ ಎಡವಿ ಬೀಳುತ್ತಿತ್ತು. ಸಂಘದ ಸಣ್ಣ ವೇದಿಕೆಗೆ ಅದು ಹೊಂದುವುದಿಲ್ಲ.

ಪೆಟ್ಟು ಯಾರ ಮೇಲೆ ಬೀಳಬೇಕೆಂಬುದನ್ನು ಮಾತ್ರ ಬಹಳ ಯೋಚಿಸಿ ನಿರ್ಧರಿಸಿ. ಠಾಣೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದ ಅನುಭವವಿರುವ ಪ್ರೇಕ್ಷಕನಿಗೆ ಸಮವಸ್ತ್ರದ ಠೀವಿ ಜಾರುವುದನ್ನು ನೋಡುವುದರಲ್ಲಿ ದೊಡ್ಡ ನಿರಾಳವಿದೆ. ದೂರು ಕೊಡಲು ಬಂದ ಮುದುಕಿಯನ್ನೋ ಸಿಕ್ಕಿಬಿದ್ದ ಹುಡುಗನನ್ನೋ ಬೀಳಿಸಿದರೆ ಅದೇ ಪ್ರೇಕ್ಷಕ ಮುಖ ತಿರುಗಿಸುತ್ತಾನೆ. ಬೀಳುವುದು ಅಧಿಕಾರಿಯೇ ಆಗಿರಲಿ, ಬಿದ್ದವನು ಟೋಪಿಯನ್ನು ನೇರ ಮಾಡಿಕೊಂಡು, ಅರ್ಧಕ್ಕೆ ನಿಂತ ವಾಕ್ಯದಿಂದಲೇ ಮಾತು ಮುಂದುವರಿಸಲಿ.