ಉಗಾಂಡಾದ ಮಿಷನ್‌ಗೆ ಸೇವೆಗೆ ಹೊರಟಿದ್ದೀರಾ? ಮೊದಲ ತಿಂಗಳು ಹೀಗೆ ಕಳೆಯಿರಿ

ವಿರಾಜಪೇಟೆ, ಮಡಿಕೇರಿ ಕಡೆಯಿಂದ ಚರ್ಚಿನ ಮಿಷನ್ ಸೇವೆಗೆ ಹೊರಡುವ ಹುಡುಗ ಹುಡುಗಿಯರು ಸಲಹೆಗೆ ಬಂದರೆ ಮೊದಲು ಕೇಳುವುದು ಪೆಟ್ಟಿಗೆಯಲ್ಲಿ ಏನೇನು ಇಡಬೇಕು ಅಂತ. ಅಲ್ಲಿ ಇಳಿದ ಮೇಲೆ ಏನು ಮಾಡಬಾರದು ಅಂತ ಕೇಳುವವರು ಕಡಿಮೆ. ಒಳ್ಳೆಯ ಮನಸ್ಸಿನ ಮಕ್ಕಳೇ ಮೊದಲ ತಿಂಗಳಲ್ಲಿ ಎಡವುವುದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ. ನನಗೆ ಗೊತ್ತಿರುವುದು ಉಗಾಂಡಾ, ಅದರಲ್ಲೂ ರಾಜಧಾನಿ ಕಂಪಾಲಾ ಸುತ್ತಲಿನ ಹಳ್ಳಿಗಳು. ಅದನ್ನಷ್ಟೇ ಹೇಳುತ್ತೇನೆ.

ಕಾಗದಪತ್ರ

ಪಾಸ್‌ಪೋರ್ಟ್, ನಿಮ್ಮ ಚರ್ಚಿನ ಫಾದರ್ ಕೊಡುವ ಪತ್ರ, ಕರೆಸಿಕೊಳ್ಳುವ ಮಿಷನ್‌ನ ಆಹ್ವಾನ. ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡಿಕೊಳ್ಳೋಣ ಅನ್ನುವವರ ಮಾತು ಕೇಳಲೇಬೇಡಿ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಅದಕ್ಕೆ ಬೇಕಾದ ಅನುಮತಿಗೆ ಮಿಷನ್‌ನವರೇ ಮೊದಲು ಅರ್ಜಿ ಹಾಕಲಿ.

ಸೂಜಿ, ಮಾತ್ರೆ, ಸೊಳ್ಳೆಪರದೆ

ಹಳದಿ ಜ್ವರದ ಲಸಿಕೆ ಕಾರ್ಡ್ ಇಲ್ಲದೆ ಉಗಾಂಡಾಕ್ಕೆ ಕಾಲಿಡುವ ಹಾಗಿಲ್ಲ. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಬೆಂಗಳೂರಿನಲ್ಲಿದೆ, ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಸೂಜಿ ಹಾಕಿಸಿಕೊಂಡು 10 ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಟಿಕೆಟ್ ತೆಗೆದ ಮೇಲೆ ಬೆಂಗಳೂರಿಗೆ ಓಡುವವರಿಗೆ ಇಲ್ಲೇ ತೊಂದರೆ ಆಗುವುದು. ಮೊಟ್ಟೆ ತಿಂದರೆ ಮೈಗೆ ಆಗದವರು ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಬೇಕು.

ಮಲೇರಿಯಾ ಮಾತ್ರೆಯನ್ನು ಪಕ್ಕದ ಮೆಡಿಕಲ್‌ನಲ್ಲಿ ಕೇಳಿ ತರಬೇಡಿ. ಕೈಗೆ ಸುಲಭವಾಗಿ ಸಿಗುವ ಕ್ಲೋರೋಕ್ವಿನ್ ಅಲ್ಲಿನ ಮಲೇರಿಯಾಕ್ಕೆ ನಾಟುವುದಿಲ್ಲ. ಎಷ್ಟು ತಿಂಗಳು ಇರುತ್ತೀರಿ ಅಂತ ಹೇಳಿ, ಡಾಕ್ಟರ್ ಬರೆದುಕೊಟ್ಟದ್ದನ್ನೇ ತೆಗೆದುಕೊಳ್ಳಿ. ಔಷಧಿ ಲೇಪಿಸಿದ ಸೊಳ್ಳೆಪರದೆ ಬೇಕೇ ಬೇಕು. ಸದ್ದು ಮಾಡಿ ಸೊಳ್ಳೆ ಓಡಿಸುತ್ತೇವೆ ಅನ್ನುವ ಮೊಬೈಲ್ ಆ್ಯಪ್‌ಗಳು ಶುದ್ಧ ಮೋಸ.

ಉಳಿದ ಸಾಮಾನು ಕಡಿಮೆ ಇರಲಿ. ಅಲ್ಲಿನ ಪ್ಲಗ್ ಬ್ರಿಟಿಷರ ಚೌಕ ಮೂರು ಪಿನ್ನಿನದು. ಎಲ್ಲ ದೇಶಕ್ಕೂ ಆಗುತ್ತೆ ಅಂತ ಮಾರುವ ಅಗ್ಗದ ಅಡಾಪ್ಟರ್ ಸಡಿಲವಾಗಿ ಕಿಡಿ ಹಾರಿಸುತ್ತದೆ, ಮೂರು ಪಿನ್ನಿನದೇ ಒಂದು ಗಟ್ಟಿಯದು ತನ್ನಿ. ಕೊಡೆ ಬೇಕು. ಮಾರ್ಚ್‌ನಿಂದ ಮೇ, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್, ಹೀಗೆ ವರ್ಷಕ್ಕೆ ಎರಡು ಮಳೆಗಾಲ.

ಮೊದಲ ತಿಂಗಳು

ಕಷ್ಟ ಇರುವುದು ಇಲ್ಲಿ. ನನ್ನ ಮಾತು ಒಂದೇ: ಮೊದಲ ತಿಂಗಳು ಯಾವ ಕೆಲಸವನ್ನೂ ನಿಮ್ಮದು ಅಂತ ಹಿಡಿಯಬೇಡಿ. ಶಾಲೆಯಲ್ಲಿ ಪಾಠ ಮಾಡಿ ಅಂದರೂ, ಲೆಕ್ಕ ನೋಡಿಕೊಳ್ಳಿ ಅಂದರೂ, ಸ್ವಲ್ಪ ದಿನ ಜೊತೆಗಿದ್ದು ಕಲಿಯುತ್ತೇನೆ ಅನ್ನಿ. ಬೆಳಿಗ್ಗೆ ಉಪದೇಶಿಯ, ಅಂದರೆ ಚರ್ಚಿನ ಪರವಾಗಿ ಧರ್ಮಪಾಠ ಹೇಳುವ ಊರಿನವರ, ಜೊತೆ ಹೊರಡಿ. ದಿನಕ್ಕೆ ಎರಡು ಮೂರು ಮನೆ ಸಾಕು.

ಮನೆಗೆ ಹೋದ ಕೂಡಲೇ ವಿಷಯಕ್ಕೆ ಬರಬೇಡಿ. ರಾತ್ರಿ ನಿದ್ದೆ ಹೇಗಾಯಿತು, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ ಅಂತ ನಿಧಾನಕ್ಕೆ ವಿಚಾರಿಸುತ್ತಾ ಹೋಗುತ್ತಾರೆ. ನೀವೂ ಹಾಗೇ ವಿಚಾರಿಸಿ. ಹೆಂಗಸರು ಮಂಡಿಯೂರಿ ನಮಸ್ಕಾರ ಹೇಳುವುದುಂಟು. ಅದನ್ನು ಕಂಡು ಗಾಬರಿಯಾಗಿ ಏಳಿ ಏಳಿ ಅಂತ ಕೈ ಹಿಡಿದು ಎಬ್ಬಿಸುವವರಿದ್ದಾರೆ. ಮಾಡಬೇಡಿ. ನಮ್ಮಲ್ಲಿ ಹಿರಿಯರ ಕಾಲು ಮುಟ್ಟುವುದು ಹೇಗೋ ಇದೂ ಹಾಗೆ. ತಟ್ಟೆಗೆ ಬೇಯಿಸಿ ಹಿಸುಕಿದ ಬಾಳೆಕಾಯಿ, ಮಟೋಕೆ, ಬರುತ್ತದೆ. ಮೇಲೆ ಕಡಲೆಬೀಜದ ಗೊಜ್ಜು ಹಾಕುತ್ತಾರೆ. ಸ್ವಲ್ಪವಾದರೂ ಉಣ್ಣಿ. ಮನೆಯಿಂದ ತಂದ ಉಪ್ಪಿನಕಾಯಿ ಬಾಟ್ಲಿಯನ್ನು ಅಲ್ಲಿ ಮಾತ್ರ ಹೊರಗೆ ತೆಗೆಯಬೇಡಿ.

ಗಂಟೆಯ ಲೆಕ್ಕ ಕೇಳಿ ತಿಳಿದುಕೊಳ್ಳಿ. ಅಲ್ಲಿನ ಭಾಷೆ ಲುಗಾಂಡಾದಲ್ಲಿ ಬೆಳಗಿನ 7 ಅಂದರೆ ಮೊದಲ ಗಂಟೆ. ಮೂರನೇ ಗಂಟೆಗೆ ಕೂಟ ಅಂದರೆ ಬೆಳಿಗ್ಗೆ 9ಕ್ಕೆ. ಗೊತ್ತಿಲ್ಲದವರು ಮಧ್ಯಾಹ್ನ ಹೋಗಿ ಖಾಲಿ ಬೆಂಚು ನೋಡಿ ಬರುತ್ತಾರೆ.

ಇನ್ನೊಂದು ವಿಷಯ ಹೊರಡುವ ಮುಂಚೆಯೇ ಮನಸ್ಸಿಗೆ ಹೋಗಿರಬೇಕು. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿದ್ದ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಿ ಅಂದ. ಅವರಲ್ಲಿ ಬಹಳಷ್ಟು ಮಂದಿ ಭಾರತ ಮೂಲದ ವ್ಯಾಪಾರಸ್ಥರು. ಇವತ್ತಿಗೂ ಭಾರತೀಯ ಮುಖ ಕಂಡರೆ ನಿಮ್ಮ ಅಂಗಡಿ ಯಾವುದು ಅಂತ ಕೇಳುವವರಿದ್ದಾರೆ. ಸಿಟ್ಟಾಗಬೇಡಿ. ಯಾವ ಚರ್ಚಿನಲ್ಲಿದ್ದೀರಿ, ಏಕೆ ಬಂದಿರಿ ಅಂತ ನೆಟ್ಟಗೆ ಹೇಳಿ.

ಕೊಡಗಿನವರಿಗೆ ಮಾತ್ರ ಇರುವ ಕಾಯಿಲೆ ಒಂದಿದೆ. ರೊಬಸ್ಟಾ ಕಾಫಿ ಉಗಾಂಡಾದ ಕಾಡಿನಲ್ಲೇ ತಾನಾಗಿ ಬೆಳೆಯುವ ಗಿಡ. ಬಾಳೆಯ ನಡುವೆ ಕಾಫಿ, ಅಂಗಳದಲ್ಲಿ ಟಾರ್ಪಾಲ್ ಮೇಲೆ ಒಣಗುವ ಹಣ್ಣು, ಇದನ್ನು ಕಂಡ ಕೂಡಲೇ ನಮ್ಮ ಹುಡುಗರು ಮರ ಕಪಾತು, ಗೊಬ್ಬರ, ಕಣ ಅಂತ ಪಾಠ ಶುರು ಮಾಡುತ್ತಾರೆ. ಅರ್ಧ ಎಕರೆಯಲ್ಲಿ ಊಟಕ್ಕೆ ಬಾಳೆ, ಫೀಸಿಗೆ ಕಾಫಿ ಬೆಳೆಯುವವರ ಲೆಕ್ಕ ನಮ್ಮ ಎಸ್ಟೇಟಿನ ಲೆಕ್ಕ ಅಲ್ಲ. ಅವರ ಜೊತೆ ನಿಂತು ಹಣ್ಣು ಕುಯ್ಯಿರಿ. ಕೇಳಿದರೆ ಹೇಳಿ.

ದುಡ್ಡು ಕೇಳಿದಾಗ

ಎರಡು ವಾರದಲ್ಲಿ ಯಾರಾದರೂ ಬಂದು ಮಗನ ಸ್ಕೂಲ್ ಫೀಸಿಗೆ ಸಹಾಯ ಕೇಳುತ್ತಾರೆ. ಕಷ್ಟ ನಿಜವೇ ಇರುತ್ತದೆ. ಅಲ್ಲೇ ಜೇಬಿಗೆ ಕೈ ಹಾಕಬೇಡಿ. ಒಬ್ಬರಿಗೆ ಗುಟ್ಟಾಗಿ ಕೊಟ್ಟದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಾರನೇ ದಿನ ಬಾಗಿಲಲ್ಲಿ ಹತ್ತು ಜನ. ಇಲ್ಲ ಅಂದವರ ಮನೆಗೆ ಮತ್ತೆ ಹೋಗುವುದು ಹೇಗೆ? ಕೂರಿಸಿ, ಪೂರ್ತಿ ಕೇಳಿ. ನಾನೊಬ್ಬನೇ ಕೊಡುವ ಹಾಗಿಲ್ಲ, ಫಾದರ್ ಹತ್ತಿರ ಮಾತಾಡೋಣ ಬನ್ನಿ ಅಂತ ಹೇಳಿ, ಸುಮ್ನೆ ಕಳಿಸಿಬಿಡದೆ ಜೊತೆಗೇ ಹೋಗಿ. ನೀವು ಕೊಡುವ ಹಣ ಚರ್ಚಿನ ಸಮಿತಿಯ ಕೈಗೆ ಹೋಗಲಿ. ಯಾರಿಗೆ ಫೀಸ್ ಕಟ್ಟಲಾಗದು, ಯಾರಿಗೆ ಹೇಗೋ ಆಗುತ್ತದೆ ಅನ್ನುವುದು ಅವರಿಗೆ ಗೊತ್ತು.

ಮನೆಗೆ ಫೋನು, ಪೂಜೆ

ಉಗಾಂಡಾದ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಮನೆಗೆ ಭಾನುವಾರ ಒಂದು ಸಲ ಕರೆ ಮಾಡಿದರೆ ಸಾಕು. ದಿನಾ ವಿಡಿಯೋ ಕಾಲ್ ಮಾಡುವವರ ಮನಸ್ಸು ಕೊಡಗಿನಲ್ಲೇ ಉಳಿಯುತ್ತದೆ, ಅಮ್ಮನ ಅಳುವೂ ಜಾಸ್ತಿಯಾಗುತ್ತದೆ. ಚರ್ಚಿನ ಪೂಜೆಯ ಕ್ರಮ ನಮ್ಮದೇ, ಹಾಗಾಗಿ ಭಾಷೆ ಬಾರದಿದ್ದರೂ ದಾರಿ ತಪ್ಪುವುದಿಲ್ಲ. ಡೋಲು, ಹಾಡು ಜಾಸ್ತಿ, ಕಾಣಿಕೆಗೆ ಬಾಳೆಗೊನೆ, ಕೋಳಿಯೂ ಬರುತ್ತದೆ. ಗಡಿಯಾರ ನೋಡದೆ ಕೂತುಕೊಳ್ಳಿ. ಜೂನ್ 3ಕ್ಕೆ ಕಂಪಾಲಾ ಹತ್ತಿರದ ನಮುಗೊಂಗೊದಲ್ಲಿ ಉಗಾಂಡಾ ಹುತಾತ್ಮರ, ಅಂದರೆ ಕ್ರೈಸ್ತ ನಂಬಿಕೆಗಾಗಿ ಪ್ರಾಣ ಕೊಟ್ಟವರ, ಹಬ್ಬ. ದೂರದೂರದಿಂದ ದಿನಗಟ್ಟಲೆ ನಡೆದು ಬರುತ್ತಾರೆ. ನಿಮ್ಮ ಚರ್ಚಿನವರು ನಡೆದು ಹೊರಟರೆ ನೀವೂ ನಡೆಯಿರಿ, ಕಾರಿನಲ್ಲಿ ಹೋಗಿ ಇಳಿಯಬೇಡಿ.

ವಾಪಸ್ ಬರುವಾಗ

ಹಳದಿ ಜ್ವರದ ಕಾರ್ಡ್ ಕೈಚೀಲದಲ್ಲೇ ಇರಲಿ. ಅದಿಲ್ಲದಿದ್ದರೆ ಇಲ್ಲಿ ಇಳಿದವರನ್ನು 6 ದಿನದವರೆಗೆ ಬೇರೆ ಇಡಬಹುದು. ಮಲೇರಿಯಾ ಮಾತ್ರೆ ಊರಿಗೆ ಬಂದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಮುಂದುವರಿಸಿ. ತಿಂಗಳುಗಳು ಕಳೆದ ಮೇಲೆ ಜ್ವರ ಬಂದರೂ ಮಳೆಗೆ ನೆನೆದದ್ದಕ್ಕೆ ಅಂತ ಕಷಾಯ ಕುಡಿದು ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಉಗಾಂಡಾದಲ್ಲಿ ಇದ್ದು ಬಂದಿದ್ದೇನೆ ಅಂತ ಮೊದಲ ಮಾತಿನಲ್ಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.